ಹೆಡ್ ಇಳಿಸದೆ ವಾಲ್ವ್ ಸೀಲ್ ಬದಲಿಸಬಹುದೇ?

ಬದಲಿಸಬಹುದು. ಹೆಡ್ ಎಂದರೆ ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ, ವಾಲ್ವ್‌ಗಳಿರುವ ಭಾಗ; ಸೀಲ್ ಎಂದರೆ ವಾಲ್ವ್ ಕಾಂಡದ ಸುತ್ತ ಕೂತು ಆಯಿಲ್ ಸಿಲಿಂಡರಿಗೆ ಇಳಿಯದಂತೆ ತಡೆಯುವ ರಬ್ಬರ್. ಆದರೆ ಮೊದಲು ಕಾಯಿಲೆ ಸೀಲಿನದ್ದೇ ಎಂದು ಖಚಿತ ಮಾಡಿಕೊಳ್ಳಿ. ರಾತ್ರಿಯಿಡೀ ನಿಂತ ಕಾರು ಬೆಳಗ್ಗೆ ಸ್ಟಾರ್ಟ್ ಆದಾಗ ಒಮ್ಮೆ ನೀಲಿ ಹೊಗೆ ಬಿಟ್ಟು ಸುಮ್ಮನಾದರೆ ಹೆಚ್ಚಾಗಿ ಸೀಲ್; ಆಕ್ಸಿಲರೇಟರ್ ಒತ್ತಿದಷ್ಟೂ ಹೊಗೆ ಬಂದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ ಪಡಿ.

ಹೆಡ್ ಎಂಜಿನ್ ಮೇಲಿರುವಾಗಲೇ ವಾಲ್ವ್ ಸ್ಪ್ರಿಂಗ್ ಬಿಚ್ಚಿದರೆ ವಾಲ್ವ್ ಕೆಳಗೆ ಸಿಲಿಂಡರಿನೊಳಕ್ಕೆ ಜಾರುತ್ತದೆ, ಅದೇ ಭಯ. ಆ ಸಿಲಿಂಡರಿನ ಪಿಸ್ಟನ್ನನ್ನು ಪೂರ್ತಿ ಮೇಲಕ್ಕೆ ತಂದು, ಸ್ಪಾರ್ಕ್ ಪ್ಲಗ್ ರಂಧ್ರದಿಂದ ಕಂಪ್ರೆಸರ್ ಗಾಳಿ ತುಂಬಿಸಿ ವಾಲ್ವನ್ನು ಹಿಡಿದಿಡಬೇಕು. ಗಾಳಿಯ ಒತ್ತಡಕ್ಕೆ ಕ್ರ್ಯಾಂಕ್ ತಿರುಗಬಹುದು, ಕೈ ದೂರವಿರಲಿ. ಸ್ಪ್ರಿಂಗ್ ಒತ್ತುವ ಮೊದಲೇ ಆಯಿಲ್ ಇಳಿಯುವ ರಂಧ್ರಗಳಿಗೆಲ್ಲ ಬಟ್ಟೆ ತುರುಕಿ. ಸ್ಪ್ರಿಂಗನ್ನು ವಾಲ್ವ್ ಕಾಂಡಕ್ಕೆ ಹಿಡಿದಿಡುವ, ಉಗುರಿನಷ್ಟು ಚಿಕ್ಕ ಲಾಕ್ ಚೂರು ಹಾರಿ ಒಳಗೆ ಬಿದ್ದರೆ ಹುಡುಕುವುದು ನರಕ.

ಹಳೆಯ ಸೀಲನ್ನು ಬೆರಳಲ್ಲಿ ಹಿಚುಕಿ ನೋಡಿ: ಮೆತ್ತಗಿರಬೇಕಾದ ರಬ್ಬರ್ ಕಲ್ಲಿನಂತಾಗಿರುತ್ತದೆ. ಹೊಸದಕ್ಕೆ ಆಯಿಲ್ ಸವರಿ, ವಾಲ್ವ್ ಕಾಂಡದ ತುದಿಯ ತೋಡಿನ ಅಂಚು ಸೀಲಿನ ತುಟಿಯನ್ನು ಕೊಯ್ಯದಂತೆ ತುದಿಗೆ ಪ್ಲಾಸ್ಟಿಕ್ ತೊಡಿಸಿ, ನೇರವಾಗಿ ಕೂರಿಸಿ. ವಾಲ್ವ್ ಕಾಂಡ ಓಡಾಡುವ ಕೊಳವೆ, ಅಂದರೆ ವಾಲ್ವ್ ಗೈಡೇ ಸವೆದು ವಾಲ್ವ್ ಅಲುಗಾಡುತ್ತಿದ್ದರೆ ಹೊಸ ಸೀಲ್ ಹೆಚ್ಚು ದಿನ ಬಾಳದು.

ಜೋಡಿಸಿದ ಮೇಲೆ ಕ್ಲಿಯರೆನ್ಸ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಣ್ಣ ಸಂದು, ನೋಡಲೇಬೇಕು. ಆಯಿಲ್ ಒತ್ತಡದಿಂದ ಈ ಸಂದನ್ನು ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಲಿಫ್ಟರ್ ಇದ್ದರೆ ಸಾಮಾನ್ಯವಾಗಿ ಈ ಕೆಲಸವಿಲ್ಲ. ಅಳತೆ ಮ್ಯಾನ್ಯುಯಲ್‌ನದೇ ಆಗಿರಲಿ. ಬಹಳಷ್ಟು ಎಂಜಿನ್‌ಗಳಲ್ಲಿ ತಣ್ಣಗಿರುವಾಗಲೇ ಅಳೆಯುವುದು. ಸಂದು ಅಳೆಯುವ ತೆಳು ಲೋಹದ ಪಟ್ಟಿ, ಅಂದರೆ ಫೀಲರ್ ಗೇಜ್, ಸಣ್ಣ ಎಳೆತದೊಂದಿಗೆ ಜಾರಬೇಕು. ಲಾಕ್ ನಟ್ ಬಿಗಿದ ನಂತರ ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗ ಸಂದು ಹೊಂದಿಸುವ ಸ್ಕ್ರೂ ತಿರುಗಿಬಿಡಬಹುದು. ತುಸು ಸಡಿಲವಾದರೆ ಟಕಟಕ ಸದ್ದು ಅಷ್ಟೇ. ಬಿಗಿಯಾದರೆ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರದೆ, ಶಾಖ ಬಿಟ್ಟುಕೊಡಲಾಗದೆ ಸುಟ್ಟುಹೋಗುತ್ತದೆ.