ಕ್ವಾರ್ಟರ್ಸ್ ಮೇಲಿನ ಮನೆಯ ಕಾಟ: ದೂರು ಯಾರಿಗೆ ಕೊಡಬೇಕು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು. ಸರ್ಕಾರಿ ಕ್ವಾರ್ಟರ್ಸ್, ಕಡಿಮೆ ಬಾಡಿಗೆ, ಅಕ್ಕಪಕ್ಕದವರ ಕಾಟ. ಕಳೆದ ವರ್ಷವೂ ಇದಕ್ಕೆ ಉತ್ತರ ಬರೆದಿದ್ದೆ. ಯಾರೂ ಓದಿಲ್ಲ ಅಂತ ಕಾಣುತ್ತದೆ. 'ಮೊದಲು ಸಮಾಧಾನವಾಗಿ ಮಾತಾಡಿ ನೋಡಿ' ಎಂಬ ಉಪದೇಶ ನನ್ನಿಂದ ಬರುವುದಿಲ್ಲ. ಅದೆಲ್ಲ ಮುಗಿದ ಮೇಲೇ ಜನ ವಕೀಲರಿಗೆ ಪತ್ರ ಬರೆಯುವುದು.

ಪ್ರಶ್ನೆ: ನಾನು ಜಿಲ್ಲಾ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ, ಅಂದರೆ ಎಫ್‌ಡಿಎ. ಗ್ರೌಂಡ್ ಫ್ಲೋರ್ ಕ್ವಾರ್ಟರ್ಸ್‌ನಲ್ಲಿದ್ದೇವೆ. ಮೇಲಿನ ಮನೆಯವರು ರಾತ್ರಿ ಒಂದು ಗಂಟೆಯವರೆಗೂ ದೊಡ್ಡ ಸ್ಪೀಕರ್ ಹಾಕುತ್ತಾರೆ. ಕಸ, ಮುಸುರೆ ನೀರು ಎಲ್ಲ ನಮ್ಮ ಅಂಗಳಕ್ಕೇ. ಕೇಳಲು ಹೋದ ನನ್ನ ಗಂಡನಿಗೆ ಬಾಯಿಗೆ ಬಂದಂತೆ ಬೈದರು. ಪೊಲೀಸರು ಬಂದು 'ಅಡ್ಜಸ್ಟ್ ಮಾಡ್ಕೊಳ್ಳಿ' ಎಂದು ಹೋದರು. ಆ ಮನೆ ಅಲಾಟ್ ಆಗಿರುವುದು ಬೇರೆಯವರ ಹೆಸರಿಗೆ, ಇವರು ಬಾಡಿಗೆಗೆ ಇದ್ದಾರಂತೆ. ಕೋರ್ಟಿಗೆ ಹೋಗಿ ಖಾಲಿ ಮಾಡಿಸಬಹುದೇ ಮೇಡಂ?

ಉತ್ತರ: ಮುಖ್ಯವಾದ ಮಾತನ್ನು ಕೊನೆಗೆ ಇಟ್ಟು, ಅದಕ್ಕೊಂದು 'ಅಂತೆ' ಸೇರಿಸಿದ್ದೀರಿ. ಎಲ್ಲರೂ ಹೀಗೇ ಮಾಡುತ್ತಾರೆ. ಮೂರು ಪುಟ ಸ್ಪೀಕರ್ ಪುರಾಣ, ಅರ್ಧ ಸಾಲು ಒಳಬಾಡಿಗೆ.

ಖಾಲಿ ಮಾಡಿಸುವ ಹಕ್ಕು ನಿಮಗಿಲ್ಲ. ಮನೆ ನಿಮ್ಮದಲ್ಲ, ಅವರದ್ದೂ ಅಲ್ಲ, ಸರ್ಕಾರದ್ದು. ಗಲಾಟೆ ನಿಲ್ಲಿಸಲು ಸಿವಿಲ್ ದಾವೆ ಹಾಕಬಹುದು, ಆದರೆ ತೀರ್ಪು ಬರುವ ಹೊತ್ತಿಗೆ ನಿಮಗೆ ಎರಡು ಸಲ ವರ್ಗಾವಣೆ ಆಗಿರುತ್ತದೆ. ಅದರ ಬದಲು ಎರಡು ದಾರಿ ಹಿಡಿಯಿರಿ. ಒಂದು ಇವತ್ತಿನ ರಾತ್ರಿಗೆ, ಇನ್ನೊಂದು ಕಾಯಂ ಪರಿಹಾರಕ್ಕೆ. ಜನ ಇವೆರಡನ್ನೂ ಕಲಸಿ ಒಂದೇ ಅರ್ಜಿ ಬರೆಯುತ್ತಾರೆ. ಅದನ್ನು ಪೊಲೀಸರೂ ಓದುವುದಿಲ್ಲ, ಇಲಾಖೆಯೂ ಓದುವುದಿಲ್ಲ.

ಇವತ್ತಿನ ರಾತ್ರಿಗೆ 112. ಶಬ್ದ ಮಾಲಿನ್ಯದ ನಿಯಮ ಬಂದಿದ್ದು 2000ದಲ್ಲಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅದರ ಲೆಕ್ಕದಲ್ಲಿ 'ರಾತ್ರಿ'. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಮೊಬೈಲ್ ಆ್ಯಪ್‌ನಲ್ಲಿ ಅಳತೆ ಮಾಡಿ ಸ್ಕ್ರೀನ್‌ಶಾಟ್ ಕಳಿಸುವವರು ದಯವಿಟ್ಟು ನಿಲ್ಲಿಸಿ, ಅದನ್ನು ಯಾರೂ ಸಾಕ್ಷಿ ಅಂತ ಒಪ್ಪುವುದಿಲ್ಲ. ಪೊಲೀಸರು ಬಂದು ಸುಮ್ನೆ ಹೋದರೂ ಪರವಾಗಿಲ್ಲ. ನೀವು ಕರೆ ಮಾಡಿದ ತಾರೀಖು, ಗಂಟೆ ಬರೆದಿಡಿ. ಮರುದಿನ ಠಾಣೆಗೆ ಹೋಗಿ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಇನ್ನೊಂದು ಪ್ರತಿ ಡಿವೈಎಸ್ಪಿ ಹೆಸರಿಗೆ. ಈ ನಿಯಮದಲ್ಲಿ ಪೊಲೀಸರ ಪೈಕಿ 'ಪ್ರಾಧಿಕಾರ', ಅಂದರೆ ಕ್ರಮ ಕೈಗೊಳ್ಳುವ ಅಧಿಕಾರಿ, ಅನ್ನಿಸಿಕೊಳ್ಳಲು ಕನಿಷ್ಠ ಆ ದರ್ಜೆ ಬೇಕು. ಠಾಣೆಯ ಕಾನ್‌ಸ್ಟೆಬಲ್ ಮೇಲೆ ರೇಗಿ ಏನು ಪ್ರಯೋಜನ?

'ಜೈಲಿಗೆ ಹಾಕಿಸ್ತೀನಿ' ಎಂದು ಮೆಟ್ಟಿಲ ಮೇಲೆ ನಿಂತು ಕೂಗಬೇಡಿ. ಸಾರ್ವಜನಿಕ ಉಪದ್ರವಕ್ಕೆ ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಂ ಹೇಳುವ ಶಿಕ್ಷೆ ಹೆಚ್ಚೆಂದರೆ 1,000 ರೂಪಾಯಿ ದಂಡ. ಅವರ ಸ್ಪೀಕರಿನ ಬೆಲೆಯೇ ಅದಕ್ಕಿಂತ ಜಾಸ್ತಿ. ಆದರೆ ಬೈಗುಳದಲ್ಲಿ ಜಾತಿ ಬಂದಿದ್ದರೆ, ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು ನಾಲ್ಕು ಜನರ ಎದುರು ಹಾಗೆ ಬೈದಿದ್ದರೆ, ಅದು ನೆರೆಹೊರೆ ಜಗಳವಲ್ಲ. ಅದಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಅಲ್ಲಿ 'ಅಡ್ಜಸ್ಟ್' ಎಂಬ ಮಾತಿಗೆ ಜಾಗವಿಲ್ಲ.

ಈಗ ಕಾಯಂ ಪರಿಹಾರ. ನಿಮ್ಮ ಅಲಾಟ್‌ಮೆಂಟ್ ಆದೇಶ ಬೀರುವಿನಿಂದ ತೆಗೆಯಿರಿ. ಅದಕ್ಕೆ ಸಹಿ ಹಾಕಿದ ಅಧಿಕಾರಿ ಯಾರೋ ಅವರಿಗೇ ದೂರು ಹೋಗಬೇಕು. ಪೈಪು, ಸುಣ್ಣಬಣ್ಣ ನೋಡಿಕೊಳ್ಳುವ ಎಂಜಿನಿಯರ್‌ಗೆ ಅಲ್ಲ. ಅವರಿಗೆ ಹತ್ತು ಅರ್ಜಿ ಕೊಟ್ಟು 'ಯಾರೂ ಕೇಳ್ತಿಲ್ಲ' ಎಂದು ನನ್ನ ಹತ್ತಿರ ಅಳುವವರೇ ಹೆಚ್ಚು. ಆದೇಶದ ಹಿಂದಿನ ಪುಟದ ಷರತ್ತುಗಳನ್ನೂ ಓದಿ. ಯಾರೂ ಓದುವುದಿಲ್ಲ. ಮನೆಯನ್ನು ಬೇರೆಯವರಿಗೆ ಬಾಡಿಗೆಗೆ ಕೊಡಬಾರದು ಎಂಬುದು ಅಲ್ಲಿರುತ್ತದೆ.

ಕಚೇರಿಗೆ ಸ್ಪೀಕರ್ ಸದ್ದು ಕೇಳಿಸುವುದಿಲ್ಲ, ಒಳಬಾಡಿಗೆ ಕೇಳಿಸುತ್ತದೆ. ಷರತ್ತು ಮುರಿದದ್ದಕ್ಕೆ ಹಂಚಿಕೆ ರದ್ದಾದ ಮೇಲೂ ಒಳಗೇ ಇದ್ದರೆ, 1974ರ ಕರ್ನಾಟಕ ಸಾರ್ವಜನಿಕ ಆವರಣಗಳ ಕಾಯ್ದೆಯಡಿ ಸಕ್ಷಮ ಅಧಿಕಾರಿ ನೋಟಿಸ್ ಕೊಟ್ಟು, ವಿಚಾರಣೆ ಮಾಡಿ, ತೆರವು ಮಾಡಿಸಬಹುದು. ದೂರಿನಲ್ಲಿ 'ಒಳಬಾಡಿಗೆಗೆ ಕೊಟ್ಟಿದ್ದಾರೆ' ಎಂದು ತೀರ್ಪು ಬರೆಯಬೇಡಿ. 'ಇಂಥ ನಂಬರಿನ ಮನೆಯಲ್ಲಿ ಹಂಚಿಕೆಯಾದವರು ಇದ್ದಂತಿಲ್ಲ, ಸ್ಥಳ ಪರಿಶೀಲನೆ ಮಾಡಿ' ಎಂದಷ್ಟೇ ಬರೆಯಿರಿ. ಜೊತೆಗೆ ಒಂದು ತಿಂಗಳ ಡೈರಿ: ತಾರೀಖು, ಗಂಟೆ, ಏನಾಯಿತು, ಬೇರೆ ಯಾರು ನೋಡಿದರು. 'ಅವರು ಸಂಸ್ಕಾರ ಇಲ್ಲದವರು' ಎಂಬಂಥ ವಾಕ್ಯ ಒಂದಿದ್ದರೂ ಹೊಡೆದು ಹಾಕಿ. ಕಚೇರಿಯ ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿಕೊಳ್ಳುವುದನ್ನು ಎಫ್‌ಡಿಎಗೆ ನಾನು ಹೇಳಿಕೊಡಬೇಕೇ!

ಎರಡು ತಿಂಗಳಾದರೂ ಕಡತ ಅಲ್ಲಾಡದಿದ್ದರೆ ಆರ್‌ಟಿಐ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದಲ್ಲಿ ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ನಿಮ್ಮ ಕಷ್ಟ ಅಲ್ಲಿ ಬರೆಯಬೇಡಿ. 'ಈ ತಾರೀಖಿನ ನನ್ನ ದೂರಿನ ಮೇಲೆ ಏನು ಕ್ರಮವಾಗಿದೆ, ಕಡತದ ಟಿಪ್ಪಣಿಯ ಪ್ರತಿ ಕೊಡಿ' ಅಂದರೆ ಸಾಕು.

ಇದೆಲ್ಲಕ್ಕೂ ಮೊದಲು ಒಂದು ಎಚ್ಚರ. ನಾನು ಸ್ವಲ್ಪ ಪುಕ್ಕಲು ವಕೀಲೆ ಅಂತಲೇ ಇಟ್ಟುಕೊಳ್ಳಿ. ಪರಿಶೀಲನೆಗೆ ಬಂದವರು ನಿಮ್ಮ ಮನೆಯನ್ನೂ ನೋಡುತ್ತಾರೆ. ಹಿಂದೆ ಒಬ್ಬರು ಹೀಗೇ ಪಕ್ಕದವರ ಮೇಲೆ ದೂರು ಕೊಟ್ಟು, ಕೊನೆಗೆ ತಮ್ಮದೇ ಹಿತ್ತಿಲಿನ ಶೀಟಿನ ಶೆಡ್ ಕೀಳಬೇಕಾಯಿತು. ಇನ್ನೊಂದು ವಿಷಯ, 'ಬಾಡಿಗೆ ವಿಷಯ ಮೇಲಕ್ಕೆ ಬರೀತೀನಿ ನೋಡು' ಎಂದು ಬೆದರಿಸಬೇಡಿ. ಬರೆಯುವುದಾದರೆ ಬರೆಯಿರಿ, ಇಲ್ಲವೇ ಬಾಯಿ ಮುಚ್ಚಿಕೊಂಡಿರಿ. ನಿಮ್ಮ ಯಜಮಾನರನ್ನು ರಾತ್ರಿ ಹೊತ್ತು ಮೇಲಕ್ಕೆ ಕಳಿಸಲೇಬೇಡಿ. ಇಂಥ ಕೇಸುಗಳಲ್ಲಿ ತಲೆ ಒಡೆಯುವುದು ಮೆಟ್ಟಿಲ ಮೇಲೆಯೇ.

ವಕೀಲರ ಫೀಸು ಹೇಗೆ ಅಂತ ಕೇಳಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಇದೆ. ಸಹಾಯವಾಣಿ 15100.

ಪ್ರಶ್ನೆ: ಮೇಲಿನ ಮನೆಯ ಮಕ್ಕಳು ಇಡೀ ದಿನ ಓಡುತ್ತವೆ. ಕೇಸ್ ಹಾಕಬಹುದೇ?

ಉತ್ತರ: ಇಲ್ಲ.

ಪ್ರಶ್ನೆ: ಪಕ್ಕದವರು ಮೀನು ಹುರಿಯುವ ವಾಸನೆ...

ಉತ್ತರ: ಅದು ಅಡುಗೆ. ಕಿಟಕಿ ಹಾಕಿಕೊಳ್ಳಿ.

ಪ್ರಶ್ನೆ: ಕೊಳಗೇರಿ ಮಂಡಳಿ ಮನೆ ನಮ್ಮದು. ಮೇಲಿನವರು ಬೇಕಂತಲೇ ನಮ್ಮ ಬಚ್ಚಲಿಗೆ ನೀರು ಸೋರಿಸುತ್ತಾರೆ. ಅವರ ನಲ್ಲಿ ಬಂದ್ ಮಾಡಲೇ?

ಉತ್ತರ: ಬೇಕಂತ ಯಾರೂ ಪೈಪ್ ಒಡೆದುಕೊಳ್ಳುವುದಿಲ್ಲ. ಮಂಡಳಿಯ ಎಂಜಿನಿಯರ್‌ಗೆ ಬರೆಯಿರಿ. ನಲ್ಲಿ ಮುಟ್ಟಿದರೆ ಕೇಸ್ ನಿಮ್ಮ ಮೇಲೆ.

ಪ್ರಶ್ನೆ: ಒಬ್ಬರು ಜೋಯಿಸರು ಬಾಗಿಲಿಗೆ ನಿಂಬೆಹಣ್ಣು ಕಟ್ಟಿದರೆ ಪಕ್ಕದವರು ತಾವೇ ಖಾಲಿ ಮಾಡುತ್ತಾರೆ ಎಂದು ಐದು ಸಾವಿರ ಪಡೆದರು. ಏನೂ ಆಗಿಲ್ಲ.

ಉತ್ತರ: ಆಗಿದೆಯಲ್ಲ, ಐದು ಸಾವಿರ ಖಾಲಿ ಆಗಿದೆ. ಇವರಿಗಿಂತ ಅಪಾಯದವರು 'ಸಾಹೇಬ್ರು ಗೊತ್ತು, ಬೇರೆ ಬ್ಲಾಕಿಗೆ ಮನೆ ಬದಲಿಸಿಕೊಡ್ತೀನಿ' ಎನ್ನುವ ದಲ್ಲಾಳಿಗಳು. ಹಂಚಿಕೆ ಬದಲಾವಣೆಗೆ ನೀವೇ ಅರ್ಜಿ ಕೊಡಬಹುದು. ದುಡ್ಡು ಕೊಟ್ಟರೆ ಲಂಚದ ಕೇಸಿನಲ್ಲಿ ನೀವೂ ಸಿಕ್ಕಿಬೀಳುತ್ತೀರಿ.

ಪ್ರಶ್ನೆ: ಪಕ್ಕದ ಮನೆಯವನು ದಿನಾ ಕುಡಿದು ಬಂದು ಹೆಂಡತಿಗೆ ಹೊಡೆಯುತ್ತಾನೆ. ಆ ಕಿರುಚಾಟಕ್ಕೆ ನಮ್ಮ ಮಗನ ಪಿಯುಸಿ ಓದು ಹಾಳಾಗುತ್ತಿದೆ. ಗೋಡೆಗೆ ಸೌಂಡ್‌ಪ್ರೂಫ್ ಮಾಡಿಸಬಹುದೇ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ, ಆ ಹೆಂಗಸಿನ ಬಗ್ಗೆ ಇನ್ನೊಂದು ಸಾಲು ಇದೆಯೇನೋ ಎಂದು. ಇಲ್ಲ. ಕೌಟುಂಬಿಕ ದೌರ್ಜನ್ಯದ 2005ರ ಕಾಯ್ದೆಯಲ್ಲಿ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ (ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ಅಧಿಕಾರಿ) ಮಾಹಿತಿ ಕೊಡಬಹುದು. ಒಳ್ಳೆಯ ಮನಸ್ಸಿನಿಂದ ಕೊಟ್ಟವರ ಮೇಲೆ ಕೇಸ್ ಹಾಕಲು ಬರುವುದಿಲ್ಲ. ಮಹಿಳಾ ಸಹಾಯವಾಣಿ 181. ಹೊಡೆತ ನಡೆಯುತ್ತಿರುವಾಗಲೇ ಆದರೆ 112. ಹಗಲು ಅವನಿಲ್ಲದ ಹೊತ್ತಿನಲ್ಲಿ ಆಕೆಯನ್ನು ಒಮ್ಮೆ ಮಾತಾಡಿಸಿ, ಈ ನಂಬರುಗಳನ್ನು ಕೊಡಿ.