ಗೆಣಸಿನ ಎಲೆಯ ಮೇಲೆ ನಡೆಯುವ ಕಸ

ಪ್ರಶ್ನೆ: ಹಿತ್ತಲಿನ ಗೆಣಸಿನ ಎಲೆಗೆ ಅಂಟಿದ್ದ ಕಪ್ಪು ಕಸವನ್ನು ಕಡ್ಡಿಯಿಂದ ಮುಟ್ಟಿದರೆ ಅದು ಬಾಲವೆತ್ತಿ ಬೀಸಿತು! ಅದೇ ಬಳ್ಳಿಯಲ್ಲಿ ಚಿನ್ನದ ಬಣ್ಣದ ದುಂಬಿಗಳೂ ಇವೆ. ಮಗಳು ಬೆಂಕಿಪೊಟ್ಟಣದಲ್ಲಿಟ್ಟ ದುಂಬಿ ಸತ್ತು ಕಂದಾಯಿತು. ಇವೆಲ್ಲ ಏನು? ಬೆಳೆಗೆ ಅಪಾಯವೇ?

ಉತ್ತರ: ಕಸವೂ ಚಿನ್ನವೂ ಒಂದೇ ಮನೆಯವು. ನೀವು ಕೆಣಕಿದ್ದು ಆಮೆ ದುಂಬಿಯ ಮರಿಹುಳುವನ್ನು. ಚಪ್ಪಟೆ ಮೈ, ಅಂಚಿನುದ್ದಕ್ಕೂ ಮುಳ್ಳು, ಹಿಂಬದಿಯಲ್ಲಿ ಕವಲೊಡೆದ ಬಾಲ. ಹುಳು ಪೊರೆ ಕಳಚುತ್ತದೆ, ಆದರೆ ಬಿಸಾಡುವುದಿಲ್ಲ. ಹಳೆಯ ಪೊರೆ ಹಿಂದಕ್ಕೆ ಸರಿದು ಕವಲಿಗೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಸಲ ಇನ್ನೊಂದು. ಅನೇಕ ಜಾತಿಗಳು ಇದಕ್ಕೆ ತಮ್ಮದೇ ಹಿಕ್ಕೆಯನ್ನೂ ಮೆತ್ತುತ್ತವೆ. ಅದಕ್ಕೆಂದೇ ಅವುಗಳ ಗುದದ್ವಾರ ಕೊಳವೆಯಂತೆ ಉದ್ದಕ್ಕೆ ಚಾಚಿ, ಬೇಕಾದತ್ತ ಬಾಗುತ್ತದೆ. ಗಾರೆ ಕೆಲಸದವರಿಗೂ ಇಷ್ಟು ಅನುಕೂಲವಿಲ್ಲ!

ಈ ಹೊರೆಯನ್ನು ಹುಳು ಬೆನ್ನಿನ ಮೇಲೆ ಕೊಡೆಯಂತೆ ಹಿಡಿದಿರುತ್ತದೆ. ಇರುವೆ ಯಾವ ಕಡೆಯಿಂದ ಮುಟ್ಟಿದರೆ ಆ ಕಡೆಗೆ ವಾಲಿಸುತ್ತದೆ. ನಿಮ್ಮ ಕಡ್ಡಿಯನ್ನೂ ಅದು ಇರುವೆಯೆಂದೇ ಎಣಿಸಿರಬೇಕು. ಅಮೆರಿಕದ ಕೀಟವಿಜ್ಞಾನಿ ಥಾಮಸ್ ಐಸ್ನರ್ ಮತ್ತು ಸಂಗಡಿಗರು 1967ರಲ್ಲಿ ಇದೇ ಬಳಗದ ಇನ್ನೊಂದು ಜಾತಿಯನ್ನು ಪರೀಕ್ಷಿಸಿ, ಈ ಹಿಕ್ಕೆಯ ಗುರಾಣಿ ಇರುವೆಗಳನ್ನು ತಡೆಯುತ್ತದೆಂದು ತೋರಿಸಿದರು. ಮೊಟ್ಟೆಗಳಿಗೆ ನುಗ್ಗುವ ಸಣ್ಣ ಪರಾವಲಂಬಿ ಕಣಜಗಳ ಮುಂದೆ ಮಾತ್ರ ಈ ಜಾಣ್ಮೆ ನಡೆಯದು. ಆಗಿನ್ನೂ ಹುಳುವೇ ಹುಟ್ಟಿರುವುದಿಲ್ಲ. ಬದುಕುಳಿದ ಹುಳು ಎಲೆಗೇ ಅಂಟಿಕೊಂಡು ಕೋಶವಾಗಿ, ಕೊನೆಗೆ ದುಂಬಿಯಾಗುತ್ತದೆ.

ಮಗಳ ಬೇಸರ ಅರ್ಥವಾಗುತ್ತದೆ. ಈ ದುಂಬಿಯ ಚಿನ್ನದ ಹೊಳಪು ಬಣ್ಣದ ಪುಡಿಯಿಂದ ಬಂದದ್ದಲ್ಲ. ಮೈಹೊದಿಕೆಯ ತೆಳುವಾದ, ತೇವಭರಿತ ಪದರಗಳು ಬೆಳಕನ್ನು ಪ್ರತಿಫಲಿಸುವುದರಿಂದ ಆ ಹೊಳಪು. ಸತ್ತು ತೇವ ಆರಿದರೆ ಮುಗಿಯಿತು. ಕಸೂತಿಗೆ ಬಳಸುತ್ತಿದ್ದ ಹಸಿರು ರತ್ನದುಂಬಿಯ ರೆಕ್ಕೆ ಹಾಗಲ್ಲ, ಒಣಗಿದ ಮೇಲೂ ಮಿನುಗುತ್ತದೆ. ಆಮೆ ದುಂಬಿಯನ್ನು ಬಳ್ಳಿಯ ಮೇಲೆಯೇ ನೋಡಬೇಕು.

ಇನ್ನು ಬೆಳೆ. ಮರಿಯೂ ದುಂಬಿಯೂ ಎಲೆಗೆ ತೂತು ಕೊರೆಯುತ್ತವೆ, ನಿಜ. ಹಿತ್ತಲಿನ ನಾಲ್ಕು ಬಳ್ಳಿಗೆ ಔಷಧಿ ಹೊಡೆಯುವಷ್ಟೇನೂ ಇಲ್ಲ. ತೀರಾ ಹೆಚ್ಚಾದರೆ ಕೈಯಿಂದ ಆರಿಸಿ. ಗೆಣಸಿನ ನಿಜವಾದ ಶತ್ರು ಮೂತಿಹುಳು ಎಂಬ ಉದ್ದ ಮೂತಿಯ ಸಣ್ಣ ದುಂಬಿ. ಅದರ ಕಾಲಿಲ್ಲದ ಬಿಳಿ ಮರಿ ಗೆಡ್ಡೆಯನ್ನೇ ಕೊರೆದು ಕಹಿ ಮಾಡುತ್ತದೆ. ಬುಡದ ಮಣ್ಣು ಬಿರುಕು ಬಿಟ್ಟಿದ್ದರೆ ಇಂದೇ ಮಣ್ಣೇರಿಸಿ. ಮೂತಿಹುಳು ಗೆಡ್ಡೆಗೆ ಇಳಿಯುವುದು ಆ ಬಿರುಕಿನಲ್ಲೇ.