ಕುಚ್ಚಲಕ್ಕಿ ಬೇಯಿಸುವಾಗ ಮುಚ್ಚಳ ತೆಗೆದಿಟ್ಟರೆ ಗ್ಯಾಸ್ ಯಾಕೆ ಜಾಸ್ತಿ ಖರ್ಚಾಗುತ್ತದೆ?

ಆವಿ ಹೋಗುವಾಗ ಬರೀ ನೀರು ಹೋಗುವುದಿಲ್ಲ. ಒಲೆ ಕೊಟ್ಟ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಅದಕ್ಕೇ.

ಮುಚ್ಚಳವಿಲ್ಲದ ಪಾತ್ರೆ ಒಂದು ತೆರೆದ ವ್ಯವಸ್ಥೆ. ಅಂದರೆ ವಸ್ತು, ಶಕ್ತಿ ಎರಡೂ ಅದರಿಂದ ಆಚೀಚೆ ಹೋಗಬಹುದು. ನಷ್ಟ ಸಣ್ಣದಲ್ಲ. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ತರಲು ಸುಮಾರು 293 ಕಿಲೋಜೂಲ್ (ಶಕ್ತಿಯ ಅಳತೆ) ಸಾಕು. ಅಷ್ಟೂ ನೀರು ಆವಿಯಾಗಲು ಇನ್ನೂ ಸುಮಾರು 2,260 ಬೇಕು. ಏಳು ಪಟ್ಟಿಗಿಂತ ಜಾಸ್ತಿ! ಇಷ್ಟು ಬಿಸಿ ಸುರಿದರೂ ನೀರು 100 ಡಿಗ್ರಿ ದಾಟುವುದಿಲ್ಲ. ಹಾಗಾಗಿ ದೊಡ್ಡ ಉರಿಯಲ್ಲಿ ಕೊತಕೊತ ಕುದಿಸಿದರೆ ಅಕ್ಕಿ ಬೇಗ ಬೇಯುತ್ತದೆ ಅನ್ನುವುದು ಸುಮ್ನೆ ಭ್ರಮೆ.

ಮುಚ್ಚಳ ಹಾಕಿದರೆ ಆವಿ ಅದಕ್ಕೆ ತಾಗಿ ತಿರುಗಿ ನೀರಾಗುತ್ತದೆ, ಹೆಚ್ಚಿನ ಬಿಸಿ ಒಳಗೇ ಉಳಿಯುತ್ತದೆ. ಗಂಜಿ ಉಕ್ಕುತ್ತದೆ ಅಂತ ಮುಚ್ಚಳ ತೆಗೆಯಬೇಡಿ, ಉರಿ ಸಣ್ಣ ಮಾಡಿ.

ನಮ್ಮ ಮಂಗಳೂರು, ಉಡುಪಿ ಕಡೆ ಚೆನ್ನಾಗಿ ಕುದಿ ಬಂದ ಪಾತ್ರೆಯನ್ನು ಥರ್ಮಲ್ ಕುಕ್ಕರಿನೊಳಗೆ ಇಟ್ಟು ಮರೆತುಬಿಡುತ್ತಾರೆ, ಅಲ್ವಾ? ಅಲ್ಲಿ ಆವಿಗೂ ಬಿಸಿಗೂ ದಾರಿ ಹೆಚ್ಚುಕಮ್ಮಿ ಬಂದ್. ಗ್ಯಾಸ್ ಆರಿಸಿದ್ದರೂ ಅನ್ನ ಬೇಯುತ್ತಲೇ ಇರುತ್ತದೆ.